ಐದನೇ ಕುರ್ಚಿ

ಪಟ್ಟಿಯಲ್ಲಿ ನಾಲ್ಕು ಹೆಸರಿದ್ದವು. ವೇದಿಕೆಯ ಮೇಲೆ ಐದು ಜನ ಕೂತಿದ್ದರು.

ಶಾಲೆಯ ಗುಮಾಸ್ತ ಎಡಗಡೆಯಿಂದ ಎಣಿಸಿದ, ಐದು. ಬಲಗಡೆಯಿಂದ ಎಣಿಸಿದ, ಆಗಲೂ ಐದು. ಕೊನೆಯ ಕುರ್ಚಿಯಲ್ಲಿ ನೀಲಿ ಕೋಟು ತೊಟ್ಟ ಮುದುಕರೊಬ್ಬರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಅವರನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ.

ವಿದ್ಯಾರ್ಥಿ ನಾಯಕಿಯನ್ನು ಪರದೆಯ ಮರೆಗೆ ಕರೆದ. "ಅವರನ್ನ ಕೂರಿಸಿದ್ದು ಯಾರಮ್ಮ?"

"ನಾನೇ ಸಾರ್. ಹಿಂದಿನ ಸಾಲಲ್ಲಿ ಒಬ್ರೇ ಕೂತಿದ್ರು. ಸೈನ್ಯದಲ್ಲಿ ಇದ್ರಾ ತಾತ ಅಂತ ಕೇಳ್ದೆ. ಹೌದು ಅಂದ್ರು."

"ಹೌದು ಅನ್ನೋಕೆ ಯಾರಿಗೆ ಬರಲ್ಲ?"

ವರ್ಷಕ್ಕೊಮ್ಮೆ ನಿವೃತ್ತ ಯೋಧರನ್ನು ಕರೆಸಿ ಮಕ್ಕಳ ಕೈಯಿಂದ ಪದಕ ಹಾಕಿಸುವುದು ಆ ಶಾಲೆಯ ರೂಢಿ. ಬಂದವರು ಯೋಧರು ಹೌದೋ ಅಲ್ಲವೋ ನೋಡುವುದು ಗುಮಾಸ್ತನ ಕೆಲಸ. ಹೋದ ವರ್ಷ ಯುದ್ಧದ ಕಥೆ ಹೇಳಿ ಮೂರು ತರಗತಿಯ ಮಕ್ಕಳನ್ನು ಅಳಿಸಿ ಹೋದ ಮಹಾನುಭಾವರು ಬಸ್ ಕಂಡಕ್ಟರ್ ಎಂದು ಮರುದಿನ ತಿಳಿದಿತ್ತು. ಅದರ ಹಿಂದಿನ ವರ್ಷ ದಾಖಲೆ ತೋರಿಸಿ ಎಂದದ್ದಕ್ಕೆ ನಿಜವಾದ ಕ್ಯಾಪ್ಟನ್ ಒಬ್ಬರು ಮುಖ ಕೆಂಪಗೆ ಮಾಡಿಕೊಂಡು ಎದ್ದು ಹೋಗಿದ್ದರು.

"ದಾಖಲೆ ಕೇಳಿ ಅವಮಾನ ಮಾಡಬಾರದು. ಸುಳ್ಳುಗಾರರೂ ಬರಬಾರದು," ಎಂದು ಮುಖ್ಯೋಪಾಧ್ಯಾಯಿನಿ ಹೇಳಿದ್ದರು. "ಇನ್ನೊಂದು ಸಲ ಹೀಗಾದ್ರೆ ನೀವು ಉಗ್ರಾಣಕ್ಕೆ ಹೋಗಿ ಮುರುಕು ಬೆಂಚು ಎಣಿಸ್ತಾ ಇರಿ." ಅವರು ತಮಾಷೆಗೆ ಮಾತಾಡುವವರಲ್ಲ. ಉಗ್ರಾಣಕ್ಕೆ ಕಿಟಕಿಯೂ ಇರಲಿಲ್ಲ.

ಗುಮಾಸ್ತ ನೀರಿನ ಲೋಟ ಹಿಡಿದು ಐದನೇ ಕುರ್ಚಿಯ ಬಳಿ ಬಾಗಿದ.

"ತಗೊಳ್ಳಿ ಸಾರ್. ನಮ್ಮ ಶಾಲೆಗೆ ಇದೇ ಮೊದಲಾ?"

"ಇಲ್ಲ. ಬಹಳ ಹಿಂದೆ ಇಲ್ಲಿಯೇ ಇದ್ದೆ," ಎಂದರು ಮುದುಕರು. ಒಂದೊಂದು ಮಾತೂ ಪಠ್ಯಪುಸ್ತಕದಿಂದ ಬಿಡಿಸಿ ಕೊಟ್ಟ ಹಾಗಿತ್ತು. "ಏಳನೆಯ ಕೋಣೆ. ಅಕ್ಷರ ಕಲಿತದ್ದು ಅಲ್ಲಿಯೇ. ಮಳೆ ಬಂದರೆ ಕಿಟಕಿಯ ಮೂಲೆ ಸೋರುತ್ತಿತ್ತು. ಸರಿಪಡಿಸಿದಿರೋ?"

"ಇನ್ನೂ ಸೋರುತ್ತೆ. ಎಷ್ಟು ವರ್ಷ ಇದ್ರಿ?"

"ಎರಡು ವರ್ಷ, ಎರಡು ತಿಂಗಳು. ರಜೆ ಕೊಡುತ್ತಿರಲಿಲ್ಲ."

"ಸೈನ್ಯದಲ್ಲಿ ಏನು ಕೆಲಸ?"

"ಫಿರಂಗಿ. ನದಿಯ ಆಚೆ ದಡದಲ್ಲಿ."

ಸಿಕ್ಕಿಬಿದ್ದೆಯಲ್ಲ ಅಂದುಕೊಂಡ ಗುಮಾಸ್ತ. ಇವರ ವಯಸ್ಸಿನವರು ಕಂಡ ಯುದ್ಧ ಒಂದೇ, ಅದರಲ್ಲಿ ನಮ್ಮ ಸೈನ್ಯ ನದಿ ದಾಟಲೇ ಇಲ್ಲ. ಏಳನೇ ತರಗತಿಯ ಚರಿತ್ರೆ ಪುಸ್ತಕದಲ್ಲೇ ಇದೆ. ಎರಡನೇ ತರಗತಿಗೆ ಶಾಲೆ ಬಿಟ್ಟ ಯಾರೋ ಆಸಾಮಿ, ಹಳೆಯ ನೆನಪಿಗೆ ಬಂದವರು ಪದಕಕ್ಕೆ ಆಸೆಪಟ್ಟಿದ್ದಾರೆ. ಆದರೆ ತುಂಬಿದ ಸಭೆಯಲ್ಲಿ ಎಬ್ಬಿಸುವುದು ಹೇಗೆ?

ಮೊದಲ ಕುರ್ಚಿಯಲ್ಲಿ ಮೀಸೆ ಸಾಹೇಬರಿದ್ದರು. ಪ್ರತಿ ವರ್ಷ ಬರುವವರು. ಎಡಗೈಯ ಎರಡು ಬೆರಳು ಯುದ್ಧದಲ್ಲಿ ಹೋಗಿದ್ದವು, ಹಾಗಾಗಿ ಅವರನ್ನು ಯಾರೂ ದಾಖಲೆ ಕೇಳುತ್ತಿರಲಿಲ್ಲ. ಗುಮಾಸ್ತ ಅವರ ಕಿವಿಯ ಬಳಿ ಹೋದ.

"ಸಾಹೇಬ್ರೇ, ಆ ಕೊನೇ ಕುರ್ಚಿಯವರು ನಿಮಗೆ ಗೊತ್ತಾ?"

"ನನ್ನ ಕಾರಲ್ಲೇ ಬಂದ್ರಲ್ಲಯ್ಯಾ."

"ನಿಜವಾಗ್ಲೂ ಸೈನಿಕರಾ?"

"ಅವರಾ? ಯುದ್ಧದಲ್ಲಿ ಎರಡು ವರ್ಷ ಹಗಲೂ ರಾತ್ರಿ ಅವರ ಜೊತೆಗಿದ್ದೋನು ನಾನು. ಅಷ್ಟು ಗುರಿಯಿಟ್ಟು ಹೊಡೆಯೋನು ನಮ್ಮ ಕಡೆ ಒಬ್ಬನೂ ಇರ್ಲಿಲ್ಲ. ಸಾಕಾ?"

ಸಾಕಾಯಿತು. ಚರಿತ್ರೆ ಪುಸ್ತಕ ಬರೆದವರು ನದಿಯನ್ನಾದರೂ ನೋಡಿದ್ದರೋ ಇಲ್ಲವೋ. ಗುಮಾಸ್ತ ಮುಖ್ಯೋಪಾಧ್ಯಾಯಿನಿಯ ಕಡೆ ತಿರುಗಿ ತಲೆಯಾಡಿಸಿದ. ಹೆಚ್ಚಿಗೆ ಮಾಡಿಸಿಟ್ಟಿದ್ದ ಒಂದು ಪದಕವನ್ನು ತಟ್ಟೆಯಲ್ಲಿ ಇಡಿಸಿದ.

ವಿದ್ಯಾರ್ಥಿ ನಾಯಕಿ ಮೈಕಿನ ಮುಂದೆ ನಿಂತು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದಳು. ಸ್ವಾತಂತ್ರ್ಯ ಎಂದರೆ ಏನು? ಒಬ್ಬರು ಬಾವುಟ ಎಂದರು. ಇನ್ನೊಬ್ಬರು ಶಿಸ್ತು ಎಂದು ಶುರುಮಾಡಿ ಇಪ್ಪತ್ತು ನಿಮಿಷ ಶಿಸ್ತಿಲ್ಲದೆ ಮಾತಾಡಿದರು. ಮೂರನೆಯವರಿಗೆ ನಿದ್ದೆ ಬಂದಿತ್ತು. ಮೀಸೆ ಸಾಹೇಬರು ಮಾತ್ರ, "ನನ್ನನ್ನ ಕೇಳಬೇಡಮ್ಮ, ಅವರನ್ನ ಕೇಳು," ಎಂದು ಐದನೇ ಕುರ್ಚಿಯ ಕಡೆ ಕೈ ತೋರಿಸಿದರು.

ಮುದುಕರು ಮೈಕಿನ ಕಡೆ ಬಾಗಿದರು.

"ಬಾಗಿಲಿನ ಚಿಲಕ ಒಳಗಡೆ ಇರುವುದು, ಮಗು."

ಮಕ್ಕಳು ನಕ್ಕರು. ಮುಖ್ಯೋಪಾಧ್ಯಾಯಿನಿ ನಗಲಿಲ್ಲ, ಅದನ್ನು ಕೈಯಲ್ಲಿದ್ದ ಚೀಟಿಯ ಮೇಲೆ ಬರೆದುಕೊಂಡರು.

ಪದಕ ಹಾಕಲು ಹುಡುಗಿ ಬಂದಾಗ ಮುದುಕರು ಕೋಟಿನ ಮೇಲೆ ಕೈ ಅಡ್ಡ ಇಟ್ಟರು. "ಇದು ನನಗೆ ಸಲ್ಲುವುದಲ್ಲ."

"ಎಲ್ಲರೂ ಹಾಗೇ ಅಂತಾರೆ ತಾತ," ಎಂದು ಅವಳು ಕೈ ಸರಿಸಿ ಪಿನ್ನು ಚುಚ್ಚಿದಳು.

"ಎಂಥ ವಿನಯ," ಎಂದು ಮುಖ್ಯೋಪಾಧ್ಯಾಯಿನಿ ಕಣ್ಣು ಒರೆಸಿಕೊಂಡರು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪತ್ರಿಕೆಯವರು ಫೋಟೋ ಹೊಡೆದುಕೊಂಡರು. ಗುಮಾಸ್ತನಿಗೆ ಎರಡು ವರ್ಷದ ಮೇಲೆ ಹಸಿವೆಯಾಯಿತು.

ಇನ್ನು ಉಳಿದದ್ದು ದಾಖಲೆ ಪುಸ್ತಕ ಒಂದೇ. ಮುಖ್ಯೋಪಾಧ್ಯಾಯಿನಿ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದು ಕಾದಿದ್ದರು. ಗುಮಾಸ್ತ ಮೆಟ್ಟಿಲಿಳಿಯುತ್ತಿದ್ದ ಮೀಸೆ ಸಾಹೇಬರನ್ನು ತಡೆದ.

"ಒಂದೇ ಒಂದು ಕಲಂ ಬಾಕಿ ಸಾಹೇಬ್ರೇ. ನಿಮ್ಮ ಸ್ನೇಹಿತರದು ಯಾವ ಪಡೆ? ನಿಮ್ಮದೇನಾ?"

"ನಮ್ಮದಲ್ಲಪ್ಪ, ಎದುರಿನೋರದು," ಎಂದರು ಸಾಹೇಬರು. "ಯುದ್ಧದಲ್ಲಿ ಈ ಶಾಲೇನೇ ಸೆರೆಮನೆ ಮಾಡ್ಕೊಂಡಿದ್ವಿ. ಏಳನೇ ಕೋಣೇಲಿ ಅವರು ಸೆರೆಯಾಳು, ಬಾಗಿಲಲ್ಲಿ ನಾನು ಕಾವಲು. ಹಳೇ ಜಾಗ ನೋಡ್ಬೇಕು ಅಂದ್ರು, ಕರ್ಕೊಂಡ್ ಬಂದೆ. ನೀವು ವೇದಿಕೆಗೇ ಹತ್ತಿಸಿದ್ರಿ. ಎಂಥ ದೊಡ್ಡ ಮನಸ್ಸಿನ ಶಾಲೆ ಅಂದ್ಕೊಂಡೆ."

"ಇನ್ನೂ ಎಷ್ಟು ಹೊತ್ತು?" ಎಂದರು ಮುಖ್ಯೋಪಾಧ್ಯಾಯಿನಿ.

ಗುಮಾಸ್ತ ದುಂಡಗಿನ ಅಕ್ಷರದಲ್ಲಿ ಕಲಂ ತುಂಬಿ ಪುಸ್ತಕವನ್ನು ಅವರ ಮುಂದಿಟ್ಟ: 'ಶತ್ರು ಸೇನೆ. ಪರಿಶೀಲಿಸಲಾಗಿದೆ.'