ಮಾತ್ರೆ ನುಂಗದ ಮೂರು ತಿಂಗಳು

ನೋವು ವಾಪಸು ಮಾಡುವ ಸರಕಾರಿ ಕಚೇರಿಯಲ್ಲಿ ಹಾಸ್ಟೆಲ್ ಅಡುಗೆಯ ಫಕೀರವ್ವನ ಪಾಳಿ ಬಂತು. ಕಾಲೇಜಿನಲ್ಲಿ ಧರಣಿ ಕೂತ ಹುಡುಗಿಯರನ್ನು ಪೊಲೀಸರು ಬಡಿದ ದಿನ, ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತ ಆಕೆಯ ಎಡ ಮೊಳಕೈ ಮುರಿದಿತ್ತು. ಅಂದಿನಿಂದ ಆಕೆ ಒಂದು ಮಾತ್ರೆಯನ್ನೂ ನುಂಗಿರಲಿಲ್ಲ. ನೋವು ಎಳ್ಳಷ್ಟೂ ಕಡಿಮೆಯಾಗಬಾರದಿತ್ತು.

ಎದುರಿಗೆ ಅಂದು ಲಾಠಿ ಬೀಸಿದ ಆರು ಪೇದೆಗಳು ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಿಂತಿದ್ದರು. ನೋವು ಲಾಠಿ ಹಿಡಿದ ಕೈಗೇ ಮರಳುತ್ತದೆಂದು ನಂಬಿದ್ದ ಅವರ ಸಾಹೇಬ ಕುರ್ಚಿಯಲ್ಲಿ ಆರಾಮಾಗಿ ಚಹಾ ಕುಡಿಯುತ್ತಿದ್ದ.

“ಹೊಡೀರಿ ಅಂತ ಹೇಳಿದವ್ರು ಯಾರ್ರೀ ಸಾಹೇಬ್ರ?” ಎಂದಳು ಫಕೀರವ್ವ.

“ಯಾರೂ ಹೇಳಿಲ್ಲವ್ವ. ಈ ಹುಡುಗ್ರು ತಾವಾಗೇ ಹೆದರಿ ಕೈ ಮಾಡ್ಯಾರ.”

ಗುಮಾಸ್ತ ಕಾಗದ ಮುಂದಿಟ್ಟ. “ಕ್ಷಮಿಸೋದಿದ್ರ ಈ ಕಡೆ, ವಾಪಸ್ ಕೊಡೋದಿದ್ರ ಆ ಕಡೆ ಹೆಬ್ಬೆಟ್ಟು ಒತ್ತರಿ. ಯಾರಿಂದ ಬಂತೋ ಅವರನ್ನ ಅದಽ ಹುಡುಕ್ಕೊಂಡು ಹೋಗತೈತಿ.”

ಫಕೀರವ್ವ ಆ ಕಡೆಗೇ ಒತ್ತಿದಳು, ಕಾಗದ ಹರಿಯುವ ಹಾಗೆ. ಮೊಳಕೈ ಹಗುರಾಯಿತು. ಪೇದೆಗಳು ಕಣ್ಣು ಮುಚ್ಚಿ ಕಾದರು, ಒಬ್ಬನೂ ಚೀರಲಿಲ್ಲ. ಚಹಾದ ಕಪ್ಪು ಬಿದ್ದು ಚೂರಾಯಿತು. ಸಾಹೇಬ ಎಡ ಮೊಳಕೈ ಹಿಡಿದುಕೊಂಡು ಕುರ್ಚಿಯಿಂದ ಕುಸಿದ.

ಫಕೀರವ್ವ ಬಾಗಿಲು ತೆರೆದಳು. ಹೊರಗೆ ನಲವತ್ತು ಹುಡುಗಿಯರು ಸಾಲಾಗಿ ನಿಂತಿದ್ದರು. ಅವರೂ ಮಾತ್ರೆ ನುಂಗಿರಲಿಲ್ಲ.

“ಬರ್ರಿ ತಂಗಿ, ಒಬ್ಬೊಬ್ಬರ ಬರ್ರಿ. ಅವಸರ ಬ್ಯಾಡ.”