ಮೇಷ್ಟ್ರ ಬ್ಯಾಂಡು, ಮಗಳ ಹಾಡು

“ಆ ಪಿಸ್ತೂಲು ಯಾರದಮ್ಮ?” ಎಂದು ಕೇಳಿದರು ಬ್ರಾಡ್ನಾಕ್ಸ್ ಮೇಷ್ಟ್ರು.

ಅಲಬಾಮದ ಪ್ರಿಚರ್ಡ್ ಊರಿನ ಹೈಸ್ಕೂಲಿನ ಬ್ಯಾಂಡ್ ಕೋಣೆಯ ನಡುವೆ ನಿಂತು ಅವರ ಮಗಳು ಜೊನೆಲ್ ಆಗಷ್ಟೇ ತನ್ನ ಮೊದಲ ಆಲ್ಬಮ್ಮಿನ ಕೊನೆಯ ಹಾಡನ್ನು ಹೇಳಿ ಮುಗಿಸಿದ್ದಳು. ಡ್ರಮ್ಮು, ಟ್ಯೂಬಾ, ಟ್ರಂಬೋನುಗಳನ್ನು ತೊಡೆಯ ಮೇಲಿಟ್ಟುಕೊಂಡ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದ್ದವು. ಒಂದು ವರ್ಷದಿಂದ ತನ್ನ ಕಾರ್ ಶೆಡ್ಡಿನಲ್ಲೇ ಅವಳ ಹಾಡುಗಳನ್ನು ರೆಕಾರ್ಡು ಮಾಡುತ್ತಿದ್ದ ಲಮಾಂಟ್ ಮೂಲೆಯಲ್ಲಿ ಮೈಕು ನಿಲ್ಲಿಸುತ್ತಿದ್ದ. ಆ ಹಾಡಿಗೆ ಯಂತ್ರದ ತಾಳ ಬೇಡ, ಅಪ್ಪನ ಬ್ಯಾಂಡೇ ಆಗಬೇಕು ಎನ್ನುವುದು ಜೊನೆಲ್‌ಳ ಹಟ. ಒಂದು ಕಾಲಕ್ಕೆ ಇದೇ ಕೋಣೆಯಲ್ಲಿ ಅವಳನ್ನು ಮೀರಿಸುವ ಡ್ರಮ್ಮರ್ ಇರಲಿಲ್ಲ. ಅವಳು ಕಡ್ಡಿ ಕೆಳಗಿಟ್ಟು ರ‍್ಯಾಪ್ ಹಿಡಿದಾಗ ಮೇಷ್ಟ್ರು ಚೆನ್ನ ಎನ್ನಲಿಲ್ಲ, ಕೆಟ್ಟದ್ದು ಎಂದೂ ಅನ್ನಲಿಲ್ಲ. ಒಂದು ಹಾಡನ್ನೂ ಕೇಳಲಿಲ್ಲ, ಅಷ್ಟೇ. ಇವತ್ತು ಅವಳು ಬ್ಯಾಂಡು ಕೊಡಿ ಎಂದು ಕೇಳಲು ಬಂದಾಗ, ನನ್ನ ಮಕ್ಕಳು ಎಂಥ ಮಾತಿಗೆ ಬಾರಿಸಬೇಕು ಎಂದು ಮೊದಲು ನನಗೆ ತಿಳಿಯಬೇಕು ಎಂದಿದ್ದರು.

“ಅದು ಹಾಡಲ್ಲಿ ಬರೋ ಪಿಸ್ತೂಲು, ಡ್ಯಾಡಿ. ಎಲ್ರೂ ಹಂಗೇ ಬರೀತಾರೆ.”

“ಎಲ್ರ ಹೆಸರಿನ ಜೊತೆ ಬ್ರಾಡ್ನಾಕ್ಸ್ ಅಂತ ಇರಲ್ಲ. ನಮ್ಮನೇಲಿ ಇದ್ದದ್ದು ಒಂದೇ ಒಂದು ನೀರು ಪಿಸ್ತೂಲು. ಅದೂ ಪಕ್ಕದ ಮನೆಯವರದು. ನೀನು ಇನ್ನೂ ವಾಪಸ್ ಕೊಟ್ಟಿಲ್ಲ.”

ಮಕ್ಕಳು ಕಿಸಕ್ಕನೆ ನಕ್ಕವು. ಮೇಷ್ಟ್ರು ಸುಮ್ಮನೆ ಆ ಕಡೆ ತಿರುಗಿದರು; ನಗು ನಿಂತಿತು. ಜೊನೆಲ್‌ಳ ಮುಖಕ್ಕೆ ರಕ್ತ ನುಗ್ಗಿತು. ತಾನೇನು ಸ್ಕೂಲು ಹುಡುಗಿಯೇ? ಆಲ್ಬಮ್ ಹೊರತರುವ ಅಟ್ಲಾಂಟದ ಕಂಪನಿಯವರು ಹೇಳಿದ್ದನ್ನೆಲ್ಲ ಅವಳು ಅಪ್ಪನ ಮುಂದೆ ಸುರಿದಳು. ಯಾರೂ ಕೇಳಿರದ ಊರಿನ ಹುಡುಗಿ ಜನರನ್ನು ಸ್ವಲ್ಪ ಹೆದರಿಸಬೇಕಂತೆ, ಆಗಲೇ ತಿರುಗಿ ನೋಡುತ್ತಾರಂತೆ. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಪ್ರತಿವರ್ಷ ಮಾರ್ಡಿ ಗ್ರಾ ಹಬ್ಬದ ಮೆರವಣಿಗೆಯಲ್ಲಿ ಈ ಊರಿನ ಮಕ್ಕಳನ್ನು ಮೊಬೀಲ್ ಪಟ್ಟಣದ ಬೀದಿಯುದ್ದಕ್ಕೂ ನಡೆಸಿದ್ದೇನೆ, ಜನ ಮನೆಯಿಂದ ಓಡಿಬಂದು ನೋಡಿದ್ದಾರೆ, ಯಾರನ್ನೂ ಹೆದರಿಸಿಲ್ಲ ಎಂದರು.

“ನಿಂಗೆ ಗೊತ್ತಿರೋದನ್ನ ಹೇಳು, ಮಗಳೇ. ಅದಾಗಲ್ಲ ಅಂದ್ರೆ ಬಾಗಿಲು ಅಲ್ಲಿದೆ.”

ಲಮಾಂಟ್ ವೈರು ಸುತ್ತತೊಡಗಿದ. ಜೊನೆಲ್ ಅವನ ಕೈ ತಡೆದಳು. ಆಮೇಲೆ ಬೆರಳಿನಿಂದ ಕುರ್ಚಿಯ ಬೆನ್ನಿನ ಮೇಲೆ ತಾಳ ಕುಟ್ಟುತ್ತ, ಯಾರಿಗೂ ಹೇಳಿರದ ಒಂದು ಮಾತನ್ನು ಎತ್ತಿಕೊಂಡಳು.

ಅಮ್ಮ ಮಣ್ಣಾದ ಮರುದಿನವೇ ಮೆರವಣಿಗೆಯಿತ್ತು. ಅಪ್ಪ ಬರುವುದಿಲ್ಲವೆಂದು ಊರೇ ಅಂದುಕೊಂಡಿತ್ತು. ಅಪ್ಪ ಬೆಳಿಗ್ಗೆ ಎದ್ದು, ಮಗಳ ಜಡೆಯನ್ನು ಸೊಟ್ಟಸೊಟ್ಟಾಗಿ ಹೆಣೆದು, ಬಿಳಿ ಕೈಗವಸು ಹಾಕಿಕೊಂಡು ಹೊರಟ. ಮಗಳು ನೀರಿನ ಕ್ಯಾನು ಹೊತ್ತು ಹಿಂದೆ ಹಿಂದೆ ನಡೆದಳು. ಅಮ್ಮ ಪ್ರತಿವರ್ಷ ನಿಂತು ಕೈಬೀಸುತ್ತಿದ್ದ ತಿರುವು ಬಂದಾಗ ಅಪ್ಪ ಕೈ ಎತ್ತಿದ. ಎಲ್ಲ ಡ್ರಮ್ಮೂ ನಿಂತವು. ಆ ಮೂಲೆ ದಾಟುವವರೆಗೆ ಬರೀ ಬೂಟುಗಳ ಸದ್ದು. ಆಮೇಲೆ ಕೈ ಇಳಿಯಿತು, ಡ್ರಮ್ಮು ಸಿಡಿಯಿತು, ಮುಂದಿದ್ದ ಅಪ್ಪನ ಬೆನ್ನು ಮಾತ್ರ ಒಂದಿಷ್ಟೂ ಬಾಗಿರಲಿಲ್ಲ. ಇದನ್ನೆಲ್ಲ ಅವಳು ತೆಂಕಣ ಅಲಬಾಮದ ಎಳೆದೆಳೆದು ಆಡುವ ಮಾತಿನಲ್ಲೇ, ಪ್ರಾಸ ಸಿಕ್ಕಲ್ಲಿ ಹಿಡಿದು, ಸಿಗದಲ್ಲಿ ಬಿಟ್ಟು ಹೇಳಿದಳು.

ಮುಗಿದಾಗ ಮೇಷ್ಟ್ರು ಗೋಡೆಯ ಕಡೆ ಮುಖ ಮಾಡಿ, ಮೊದಲೇ ಹೊಳೆಯುತ್ತಿದ್ದ ಒಂದು ತುತ್ತೂರಿಯನ್ನು ಬಟ್ಟೆಯಿಂದ ಉಜ್ಜುತ್ತಿದ್ದರು.

“ನಡುವೆ ಒಂದ್ಕಡೆ ಉಸಿರು ತಪ್ತು,” ಅಂದರು. “ಮತ್ತೆ ಹೇಳು. ಈ ಸಲ ಬೆನ್ನು ನೆಟ್ಟಗೆ ಮಾಡ್ಕೊಂಡು.”

ಲಮಾಂಟ್ ಅವಳ ಕಿವಿಯ ಹತ್ತಿರ ಬಂದ. “ಜೊನೆಲ್, ಕಂಪನಿಯವರು ಒಪ್ಪಿರೋದು ಆ ಪಿಸ್ತೂಲು ಹಾಡನ್ನ. ಇದನ್ನ ಕಳಿಸಿದ್ರೆ ಆಲ್ಬಮ್ಮೇ ಬೇಡ ಅಂದಾರು.”

“ಅನ್ಲಿ ಬಿಡು. ನಿನ್ನ ಕಾರಿನ ಡಿಕ್ಕೀಲಿ ಜಾಗ ಐತಲ್ಲ? ಊರೂರಿಗೆ ಹೋಗಿ ನಾವೇ ಮಾರೋಣ.”

ಅವನು ಅವಳ ಮುಖ ನೋಡಿದ. ಹೋಗಿ ವೈರು ಬಿಚ್ಚಿ ಮತ್ತೆ ಮೈಕಿಗೆ ಸಿಕ್ಕಿಸಿದ.

ಮೇಷ್ಟ್ರು ಮೆರವಣಿಗೆಯ ತಾಳ ಹಿಡಿಯಲು ಹೇಳಿ ಮಕ್ಕಳನ್ನು ಎದ್ದು ನಿಲ್ಲಿಸಿದರು, ಅಂಗಿಯ ತೋಳು ಮಡಚಿದರು, ಮಗಳ ಕಡೆ ನೋಡಿ ಒಮ್ಮೆ ತಲೆಯಾಡಿಸಿ ಕೈ ಎತ್ತಿದರು. ಕೈ ಇಳಿಯಿತು. ಕಿಟಕಿಯ ಗಾಜು ಗಡಗಡ ನಡುಗಿತು. ಟ್ಯೂಬಾಗಳ ದನಿ ನೆಲದಿಂದ ಹತ್ತಿ ಜೊನೆಲ್‌ಳ ಪಕ್ಕೆಲುಬಿನವರೆಗೂ ಬಂತು. ಅವಳು ಅದರ ಮೇಲೆ ಕಾಲೂರಿ ನಿಂತವಳ ಹಾಗೆ ಮೊದಲ ಸಾಲು ಹಿಡಿದಳು. ಹೊರಗೆ ಬಸ್ಸಿಗೆ ಕಾಯುತ್ತಿದ್ದವರು ಒಬ್ಬೊಬ್ಬರಾಗಿ ಕಿಟಕಿಗೆ ಬಂದು ನಿಂತರು.

ಲಮಾಂಟ್‌ನ ಯಂತ್ರದಲ್ಲಿ ಸದ್ದಿನ ಮಟ್ಟ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿ ಅಲ್ಲೇ ಅಂಟಿಕೊಂಡಿತು. ಅವನು ಎರಡೂ ಕೈ ಬೀಸಿ ಬ್ಯಾಂಡು ನಿಲ್ಲಿಸಿದ.

“ಸರ್, ಮೈಕು ತಡಿಯಲ್ಲ. ಸ್ವಲ್ಪ ಮೆಲ್ಲಗೆ ಬಾರಿಸೋಕೆ ಹೇಳ್ತೀರಾ?”

ಮೇಷ್ಟ್ರು ಮುಂದಿನ ತಾಳಕ್ಕೆ ಎತ್ತಿದ್ದ ಕೈಯನ್ನು ಹಾಗೇ ಹಿಡಿದಿದ್ದರು.

“ಮೈಕನ್ನ ಹಿಂದಕ್ಕೆ ತಗೊಂಡು ಹೋಗಪ್ಪ,” ಅಂದರು. “ರಸ್ತೆಯ ಆ ಕಡೆಗೆ ಹೋದ್ರೂ ಪರವಾಗಿಲ್ಲ.”