ಬೆನ್ನ ಮೇಲಿನ ಪ್ಯಾಚ್

ನರ್ಸಮ್ಮ ಕೈಗವಸು ತೊಟ್ಟು, ಮಡಿಸಿ ತಂದಿದ್ದ, ಚರ್ಮಕ್ಕೆ ಅಂಟಿಸುವ ನೋವಿನ ಮದ್ದಿನ ಹಳೆಯ ಪ್ಯಾಚನ್ನು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಅಂಟಿನಲ್ಲಿ ಕೂದಲು ಸಿಕ್ಕಿಕೊಂಡಿತ್ತು. ಕಪ್ಪು, ಗಿಡ್ಡ, ಒರಟು ಕೂದಲು. ಪ್ಯಾಚ್ ಬರೆದುಕೊಟ್ಟಿದ್ದು ಒಬ್ಬ ಮುದುಕಿಗೆ. ಆಕೆಯ ತಲೆ ಪೂರಾ ಬೆಳ್ಳಗೆ, ಬೆನ್ನು ಅಂಗೈಯಷ್ಟು ನುಣುಪು.

ಕೌಂಟರಿನ ಆಚೆ ಮುದುಕಿಯ ಮಗ ಹೊಸ ಪ್ಯಾಚಿಗೆ ಕಾಯುತ್ತ ನಿಂತಿದ್ದ. ಅಂಗಡಿಯಿಂದ ಮನೆಮನೆಗೆ ಬೀರು, ಮಂಚ ಹೊತ್ತು ಹಾಕುವ ಆಳು. ಎಲ್ಲರ ಬಾಯಲ್ಲೂ ಪೈಲ್ವಾನ. ಹಳೆಯದನ್ನು ಒಪ್ಪಿಸಿದರೆ ಮಾತ್ರ ಹೊಸದು ಎನ್ನುವುದು ಆಸ್ಪತ್ರೆಯ ಕಟ್ಟುನಿಟ್ಟು. ಆ ಮದ್ದೇ ಅಂಥದ್ದು. ಬೆನ್ನುಮೂಳೆಗಿಳಿದ ಕ್ಯಾನ್ಸರ್ ನೋವನ್ನೂ ಜೋಗುಳ ಹಾಡಿ ಮಲಗಿಸುತ್ತದೆ. ಬೇಡದ ಮೈಗೆ ತಾಗಿದರೆ ಚಟವಾಗಿ ಕೂತುಬಿಡುತ್ತದೆ.

"ಬೇಗ ಕೊಡಿ ಸಿಸ್ಟರ್, ಅಮ್ಮ ಕಾಯ್ತಿದ್ದಾಳೆ," ಎಂದ ಪೈಲ್ವಾನ ಬಾಯಿ ತುಂಬ ಆಕಳಿಸಿ, ತೋಳಿನಿಂದ ಮೂಗೊರೆಸಿಕೊಂಡ. ಬಿಸಿಲಲ್ಲಿ ನಡೆದು ಬಂದವನ ಕೈ ಮೇಲೆ ರೋಮ ನಿಮಿರಿ ನಿಂತಿತ್ತು.

"ಶೀತಾನಾ?"

"ಹೂಂ. ಆಗಾಗ ಬರುತ್ತೆ, ಹೋಗುತ್ತೆ."

ಹೊಸ ಪ್ಯಾಚ್ ಸಿಕ್ಕ ಮೇಲೆ ಹೋಗುವ ಶೀತವಿರಬೇಕು ಎಂದುಕೊಂಡಳು ನರ್ಸಮ್ಮ. ಒಳಗೆ ಹೋಗಿ ಹೇಳಿದರೆ ಡಾಕ್ಟರು ತಲೆಯನ್ನೂ ಎತ್ತಲಿಲ್ಲ. "ಇನ್ನೇನು ನೋಡೋದಿದೆ? ಅವನೇ ಹಾಕ್ಕೋತಿದ್ದಾನೆ. ಪ್ಯಾಚ್ ನಿಲ್ಲಿಸಿ, ಸಾದಾ ಮಾತ್ರೆ ಕೊಟ್ಟು ಕಳಿಸಿ."

"ತಪ್ಪು ಅವನದಾದ್ರೂ ನರಳೋದು ಆಕೆ ಅಲ್ವಾ ಡಾಕ್ಟ್ರೇ? ಇವತ್ತೊಂದಿನ ನಾನೇ ಹೋಗಿ ಹಚ್ಚಿ ಬರ್ತೀನಿ," ಎಂದ ನರ್ಸಮ್ಮ, ಡಾಕ್ಟರು ಹೂಂಗುಟ್ಟಿದ ಮೇಲೆ, ಹೊಸ ಪ್ಯಾಚನ್ನು ಚೀಲಕ್ಕೆ ಹಾಕಿ ಹೆಗಲಿಗೇರಿಸಿದಳು. ದಾರಿಯುದ್ದಕ್ಕೂ ಪೈಲ್ವಾನನ ಕಣ್ಣು ಆ ಚೀಲದ ಮೇಲೇ ಇತ್ತು. "ಕೊಡಿ, ನಾನು ಹಿಡ್ಕೋತೀನಿ," ಎಂದು ಕೇಳಿಯೂ ಕೇಳಿದ. ಆಕೆ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು.

ಮಹಡಿಯ ಮೇಲಿನ ಒಂಟಿ ಕೋಣೆ. ಮುದುಕಿ ಗೋಡೆಗೆ ಒತ್ತಿ ಹಾಕಿದ ಮಂಚದ ನಡುವೆ, ಗೋಡೆಯಿಂದ ಮೊಳ ದೂರ, ತೊಡೆಯ ಮೇಲಿನ ದಿಂಬಿಗೆ ಎದೆಯೂರಿ ಮುಂದಕ್ಕೆ ಬಾಗಿ ಕೂತಿದ್ದಳು. ಬೆನ್ನುಮೂಳೆಗೆ ಏನು ಒತ್ತಿದರೂ ಚೀರುತ್ತಿದ್ದಳಂತೆ; ಮಲಗುವುದೂ ಹೀಗೇ ಕೂತು. ಒಂದು ಕಾಲಕ್ಕೆ ಇಸ್ತ್ರಿ ಅಂಗಡಿ ನಡೆಸಿದಾಕೆ. ಇಸ್ತ್ರಿಪೆಟ್ಟಿಗೆ ಎಂದೋ ಆರಿದ್ದರೂ ನಾಲಿಗೆಯ ಕಾವು ಆರಿರಲಿಲ್ಲ.

"ಏನೇ ತಾಯಿ, ಪೊಲೀಸರ ಹಾಗೆ ಮನೆಗೇ ಬಂದುಬಿಟ್ಟೆ?"

"ನೋವು ಹೇಗಿದೆ ಅಜ್ಜಿ?"

"ಇದೆ. ಉಂಡ ಮೇಲೂ ಏಳದ ನೆಂಟರ ಥರ."

ನರ್ಸಮ್ಮ ಪೈಲ್ವಾನನನ್ನು ಕೆಳಗಿನ ನಲ್ಲಿಯಿಂದ ನೀರು ತರಲು ಕಳಿಸಿ, ಮುದುಕಿಯ ರವಿಕೆ ಸಡಿಲಿಸಿ ನೋಡಿದಳು. ಪ್ಯಾಚ್ ಕಿತ್ತ ಜಾಗದಲ್ಲಿ ಒಂದು ಚೌಕ ಕೆಂಪಾಗಿರಬೇಕು, ಅಂಟಿನ ಅಂಚಿಗೆ ಕೊಳೆ ಗೆರೆ ಕಟ್ಟಿರಬೇಕು. ಇಡೀ ಬೆನ್ನಿನಲ್ಲಿ ಏನೂ ಇರಲಿಲ್ಲ.

"ಕಿತ್ಕೊಳ್ತಾನಾ ಅಜ್ಜಿ? ಹೆದರ್ಬೇಡಿ, ನನ್ಹತ್ರ ಹೇಳಿ."

"ಅಯ್ಯೋ, ನನ್ನ ಮಗನ್ನ ಏನಂದ್ಕೊಂಡಿದ್ದೀಯ! ನಾನೇ ಅವನಿಗೆ ಹಚ್ಚಿದ್ದು. ಡಾಕ್ಟರು ಇಬ್ಬರಿಗೂ ಅಂತ ಕೊಟ್ಟಿದ್ದಾರೆ ಕಣೋ ಅಂತ ಸುಳ್ಳು ಹೇಳ್ದೆ." ಮುದುಕಿ ದಿಂಬಿನಿಂದ ಮುಖವೆತ್ತಿದಳು. "ದಿನಾ ನನ್ನನ್ನ ಎತ್ತಿ ಬಚ್ಚಲಿಗೆ ಕೂರಿಸೋನು ಅವನು. ಒಂದಿನ ಎತ್ತೋವಾಗ ಅವನ ಸೊಂಟ ಕಟ್ ಅಂದಿದ್ದು ನನ್ನ ಕಿವಿಗೇ ಕೇಳಿಸ್ತು. ಅವನು ಬಿದ್ರೆ ನನ್ನನ್ನ ಎತ್ತೋರು ಯಾರು, ನೀನಾ?"

"ನಿಮ್ಮ ನೋವು?"

"ನಿಮ್ಮ ಡಾಕ್ಟರೇ ಹೆದರಿಸಿದ್ರಲ್ಲ, ಇದು ಚಟ ಹತ್ತೋ ಮದ್ದು, ಹುಷಾರು ಅಂತ. ಹೋಗೋ ಕಾಲದಲ್ಲಿ ಅದೊಂದು ಅಂಟಿಸ್ಕೊಂಡು ಹೋಗ್ಲಾ? ಅವನದು ಗಟ್ಟಿ ಮೈ. ಗಟ್ಟಿ ಮೈಗೆ ಚಟ ಹತ್ತುತ್ತಾ?"

ನರ್ಸಮ್ಮ ಬಗ್ಗಿ ಆಕೆಯ ಮುಖ ನೋಡಿದಳು. ಮಗನನ್ನು ಉಳಿಸಲು ಹೆಣೆದ ಕಥೆಯೋ, ನಿಜವೋ? "ಗಟ್ಟಿ ಮೈಗೇ ಹತ್ತೋದು ಅಜ್ಜಿ," ಎಂದಳು. "ನಿಮ್ಮಂಥ ನೋವಿಗೆ, ನಾವು ಅಳತೆ ನೋಡಿ ಕೊಟ್ಟಿದ್ದು ಅಷ್ಟು ಸುಲಭಕ್ಕೆ ಚಟ ಆಗಲ್ಲ. ಅವನಿಗೋ, ನಿದ್ದೇಲೇ ಉಸಿರು ನಿಂತುಹೋಗಬಹುದಿತ್ತು. ಆ ಆಕಳಿಕೆ, ಆ ಮೂಗು ಸೋರೋದು, ಅದು ಶೀತ ಅಂದ್ಕೊಂಡ್ರಾ? ಪ್ಯಾಚ್ ಕಿತ್ತ ಮೇಲೆ ಅವನ ಮೈ ಅದನ್ನೇ ಕೇಳ್ತಾ ಇದೆ."

ಮುದುಕಿಯ ಕಣ್ಣು ಮೆಟ್ಟಿಲ ಕಡೆ ಹೊರಳಿತು.

ಪೈಲ್ವಾನ ನೀರು ತಂದಿಟ್ಟ. ನರ್ಸಮ್ಮ ಮುದುಕಿಯ ಬೆನ್ನನ್ನು ಬರೀ ನೀರಿನಿಂದ ಒರೆಸಿ, ಆರಲು ಬಿಟ್ಟು, ಭುಜದ ಕೆಳಗೆ ಹೊಸ ಪ್ಯಾಚ್ ಒತ್ತಿ ಹಿಡಿದಳು. ಮೇಲೊಂದು ಟೇಪು ಅಂಟಿಸಿ, ಟೇಪಿನಿಂದ ಚರ್ಮದವರೆಗೆ ಪೆನ್ನಿನಲ್ಲಿ ಗೆರೆ ಎಳೆದಳು. ಕಿತ್ತು ಮತ್ತೆ ಅಂಟಿಸಿದರೆ ಗೆರೆ ಕೂಡುವುದಿಲ್ಲ. "ನಾಳೆ ಹೊತ್ತಿಗೆ ನೋವು ಇಳಿಯುತ್ತೆ ಅಜ್ಜಿ. ಡಾಕ್ಟ್ರಿಗೆ ನಾನು ಹೇಳ್ತೀನಿ, ಇನ್ಮೇಲೆ ಬದಲಾಯಿಸೋಕೆ ನಾನೇ ಬರ್ತೀನಿ." ಮಗನತ್ತ ತಿರುಗಿದಳು. "ಪಕ್ಕದ ಮನೆಯವರನ್ನ ಇಲ್ಲಿ ಕೂರಿಸಿ ಈಗಲೇ ನನ್ನ ಜೊತೆ ಬಾಪ್ಪ. ನಿನ್ನ ಸೊಂಟಕ್ಕೂ ಔಷಧಿ ಇದೆ, ಈ ಶೀತಕ್ಕೂ ಇದೆ."

"ನನಗೇನಾಗಿದೆ ಸಿಸ್ಟರ್? ನೀವು ನಡೀರಿ, ನಾನು ಹಿಂದೇನೇ ಬರ್ತೀನಿ," ಎಂದ ಪೈಲ್ವಾನ. ಮಾತು ನರ್ಸಮ್ಮನ ಜೊತೆ. ಕಣ್ಣು ಅಮ್ಮನ ಭುಜದ ಕೆಳಗಿನ ಆ ಚೌಕದ ಮೇಲೆ.

ಮುದುಕಿ ಮಗನ ಕಣ್ಣನ್ನು ನೋಡಿದಳು. ಸೆರಗೆಳೆದು ಹೊದ್ದಳು. ಆಮೇಲೆ, ಬೆನ್ನಿಗೆ ದಿಂಬು ಒತ್ತಿದರೂ ಚೀರುತ್ತಿದ್ದ ಆಕೆ, ಹಲ್ಲು ಕಚ್ಚಿಕೊಂಡು ಮಂಚದ ಮೇಲೆ ಇಂಚಿಂಚೇ ಹಿಂದೆ ಸರಿದು, ಬೆನ್ನನ್ನು ಗೋಡೆಗೆ ಒತ್ತಿ ಕೂತಳು.